ಡ್ರೋನಿಗೂ ಆಯುಧಪೂಜೆ

ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲವನ್ನೂ ಪೂಜಿಸಿ ಮುಗಿಸಿದ ಮೇಲೂ ಗೌರೀಶಂಕರನ ಕೈಯಲ್ಲಿ ಒಂದು ಮೊಳ ಚೆಂಡುಹೂವು ಉಳಿದಿತ್ತು. ಮುಂದಿನ ಅನಾಹುತಕ್ಕೆಲ್ಲ ಆ ಹೂವೇ ಮೂಲ.

ಮಗಳು ಶಿಲ್ಪಶ್ರೀಯ ಮೇಜಿನ ಮೇಲೆ ರೇಸಿಂಗ್ ಡ್ರೋನೊಂದು ಕೂತಿತ್ತು. ಮರುದಿನ ಉತ್ತರಹಳ್ಳಿಯಲ್ಲಿ ಅವಳ ರೇಸು. "ಅಪ್ಪಾ, ಮೇಜಿನ ಮೇಲಿರೋದನ್ನ ಮಾತ್ರ ಮುಟ್ಬೇಡ" ಎಂದು ಹೇಳಿ, ಬ್ಯಾಗು ಹೆಗಲಿಗೇರಿಸಿ ಹೊರಗೆ ಹೋಗಿದ್ದಳು. ಪೂಜೆ ಮಾಡಿದರೆ ಮುಟ್ಟಿದ ಹಾಗೆ ಹೇಗಾದೀತು? ಗೌರೀಶಂಕರ ಅದರ ನಾಲ್ಕೂ ತೋಳಿಗೆ ವಿಭೂತಿ ಎಳೆದು, ಕುಂಕುಮವಿಟ್ಟು, ಮೈಯೇ ಕಾಣದ ಹಾಗೆ ಹೂ ಸಿಕ್ಕಿಸಿದ. ಆಮೇಲೆ ಅದನ್ನು ಪಕ್ಕದಲ್ಲಿದ್ದ ರಿಮೋಟಿನ ಸಮೇತ ತಾರಸಿಗೆ ಒಯ್ದು ನೆರೆಯವರಿಗೆ ತೋರಿಸಿದ.

ಕೆಳಗಿನ ಮನೆಯ ಶಿವಬಸಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಪೂಜೆ ಮಾಡಿದ್ ಗಾಡಿ ನಿಂಬೆಹಣ್ಣು ತುಳ್ದು ಒಂದ್ ರೌಂಡ್ ಹೋಗ್ಬೇಕಲ್ವೇನಪ್ಪಾ? ಹಂಗೇ ಬಿಟ್ರೆ ನಾಳೆ ಮಗೂಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಇದಕ್ಕೆ ಚಕ್ರ ಇಲ್ವಲ್ಲಮ್ಮಾ."

"ಹಣ್ಣಿನ ಮೇಲೇ ಹಾರ್ಸು."

ಗೌರೀಶಂಕರನಿಗೂ ಒಳಗೊಳಗೇ ಅದೇ ಬೇಕಿತ್ತು. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಮಗಳು ವಿವರಿಸಿದ್ದೆಲ್ಲ ಅವನ ತಲೆಯಲ್ಲಿ ಗುಂಗಿಹುಳದಂತೆ ಸುತ್ತುತ್ತಿತ್ತು. ರಿಮೋಟಿನ ಎಡಗಡೆಯ ಕಡ್ಡಿ ಮೇಲೆತ್ತಲು, ಬಲಗಡೆಯದು ವಾಲಿಸಲು. ಪಕ್ಕದ ಸ್ವಿಚ್ಚಿನಲ್ಲಿ ಮೂರು ಮೋಡು. ಮೊದಲನೆಯದರಲ್ಲಿ ಕಡ್ಡಿ ಬಿಟ್ಟರೆ ಡ್ರೋನು ತಾನೇ ನೆಟ್ಟಗಾಗುತ್ತದೆ. ಎರಡನೆಯದು ಅರ್ಧ ವಿಧೇಯ. ಮೂರನೆಯದರ ಬಗ್ಗೆ ಕೇಳಿದರೆ ಮಗಳು ಬರೀ ನಕ್ಕಿದ್ದಳು. ಆ ನಗುವಿನ ಅರ್ಥ ತಿಳಿಯದೆ ಅವನಿಗೆ ನಿದ್ದೆಯೇ ಹತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ತಾರಸಿಯಿಂದ ಚಿದಾನಂದ್ ಗೋಡೆ ದಾಟಿ ಬಂದ. ಮೊನ್ನೆಯಷ್ಟೇ ತಾನೂ ಒಂದು ಡ್ರೋನು ಕೊಂಡಿದ್ದ ಅವನು, ಅದನ್ನು ಒಮ್ಮೆಯೂ ಹಾರಿಸದೆಯೇ ಪಂಡಿತನಾಗಿದ್ದ.

ಮೊದಲ ಮೋಡಿನಲ್ಲಿ ಡ್ರೋನು ಮೇಲೆದ್ದು, ನಿಂಬೆಹಣ್ಣಿನ ಮೇಲೆ ಹಾದು, ಕಡ್ಡಿ ಬಿಟ್ಟೊಡನೆ ಸಭ್ಯಸ್ಥನಂತೆ ನಿಂತಿತು. ಶಿವಬಸಮ್ಮ ಕೈಮುಗಿದರು. ಅಲ್ಲಿಗೇ ಇಳಿಸಿದ್ದರೆ ಚೆನ್ನಾಗಿತ್ತು.

"ಇದು ಮಕ್ಕಳಾಟ ಸಾರ್. ಮೂರನೇದು ಹಾಕಿ, ಸಖತ್ತಾಗಿರತ್ತೆ!" ಎಂದ ಚಿದಾನಂದ್.

"ಮಗಳ ರೇಸಿದೆ ಕಣಯ್ಯಾ, ಏನಾದ್ರೂ ಆದ್ರೆ?"

"ನಾನಿದೀನಲ್ಲ ಸಾರ್, ಹಾಕಿ!"

ಗೌರೀಶಂಕರನ ಬೆರಳು ಅವನನ್ನು ಕೇಳದೆಯೇ ಸ್ವಿಚ್ಚು ಒತ್ತಿತು. ಬಲಗಡೆಯ ಕಡ್ಡಿಯನ್ನು ಕೊಂಚ ಮುಂದೆ ತಳ್ಳಿ ಬಿಟ್ಟ. ಡ್ರೋನು ನೆಟ್ಟಗಾಗಲಿಲ್ಲ. ವಾಲಿದ್ದು ವಾಲಿದಂತೆಯೇ ರಸ್ತೆ ದಾಟಿ ಓಡಿತು.

"ಹಿಂದಕ್ಕೆ ಎಳೀರಿ!" ಎಂದ ಚಿದಾನಂದ್.

ಎಳೆದ. ಅದು ಹೂವುದುರಿಸುತ್ತ ಒಂದು ಲಾಗ ಹಾಕಿ, ಎದುರುಮನೆಯ ತೆಂಗಿನಮರಕ್ಕೆ ಬಡಿದು, ಕೆಳಗಿನ ಕಾಂಕ್ರೀಟಿನ ಮೇಲೆ ಬಿತ್ತು. ಎರಡು ತೋಳು ಮುರಿದಿದ್ದವು. ವಿಭೂತಿ ಮಾತ್ರ ಅಳಿಸಿರಲಿಲ್ಲ.

ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ ಗೌರೀಶಂಕರನಿಗೆ ಅಳುವೇ ಬಂತು. ಮಗಳು ಈ ರೇಸಿಗಾಗಿ ವರ್ಷವಿಡೀ ಒದ್ದಾಡಿದ್ದಳು.

ಚಿದಾನಂದ್ ಅವನ ಬೆನ್ನು ತಟ್ಟಿದ. "ಬಿಡಿ ಸಾರ್, ವಸ್ತು ತಾನೇ? ದೃಷ್ಟಿ ಹೋಯ್ತು ಅಂದ್ಕೊಳ್ಳಿ. ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?" ಎಂದು ನಗುತ್ತ ಮನೆಗೆ ಹೋದ.

ಮಧ್ಯಾಹ್ನ ಶಿಲ್ಪಶ್ರೀ ಬಂದಳು. ಅಪ್ಪ ತಲೆ ತಗ್ಗಿಸಿ ತುಂಡುಗಳನ್ನು ಮುಂದಿಟ್ಟ. ಅವಳು ಹೂ ಸರಿಸಿ ನೋಡಿ, ಹಣೆ ಚಚ್ಚಿಕೊಂಡು, ತನ್ನ ಬ್ಯಾಗು ತೆರೆದಳು. ಒಳಗೆ ಅವಳ ಡ್ರೋನು ಗಟ್ಟಿಮುಟ್ಟಾಗಿ ಮಲಗಿತ್ತು.

"ಪ್ರಾಕ್ಟೀಸಿಗೆ ತಗೊಂಡೋಗಿದ್ದೆ ಅಪ್ಪಾ."

ಗೌರೀಶಂಕರನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಇದು?"

"ಚಿದಾನಂದ್ ಅಂಕಲ್‌ದು. ಸೆಟ್ಟಿಂಗ್ ಮಾಡ್ಕೊಡು ಅಂತ ನಿನ್ನೆ ಕೊಟ್ಟಿದ್ರು."

ಆಗಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಚಿದಾನಂದ್ ಬೂದುಗುಂಬಳಕಾಯಿಯನ್ನು ಮಗುವಿನಂತೆ ಅಪ್ಪಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನನ್ ಡ್ರೋನ್ ರೆಡಿ ಆಯ್ತಾಮ್ಮಾ ಶಿಲ್ಪಾ? ಪೂಜೆ ಮಾಡ್ಬೇಕು. ಸಾರ್, ನೀವ್ ಮಾತ್ರ ಹತ್ರ ಬರ್ಬೇಡಿ!"

ಗೌರೀಶಂಕರ ಎದ್ದು, ಮೊದಲು ಅವನ ಕೈಯಿಂದ ಕುಂಬಳಕಾಯಿಯನ್ನು ಮೆಲ್ಲಗೆ ಇಸಿದುಕೊಂಡ. ಆಮೇಲೆ ಅವನ ಬೆನ್ನು ತಟ್ಟಿದ.

"ಚಿದಾನಂದ್, ಬೆಳಗ್ಗೆ ಏನೋ ಒಳ್ಳೇ ಮಾತು ಹೇಳಿದ್ರಲ್ಲ, ಇನ್ನೊಂದ್ ಸಲ ಹೇಳಿ."