ಮಾವನ ಹೋಲ್‌ಸ್ಟರಿಗೆ ನನ್ನ ಪಾಲಿಶ್

"ನನ್ನ ಕೈ ಬಿದ್ದ ಮೇಲೆ ಹೊಳೆಯದ ವಸ್ತು ಈ ಭೂಮಂಡಲದಲ್ಲಿಲ್ಲ!" ಎಂದು ನಾನು ಘೋಷಿಸಿದೆ. ಹೆಂಡತಿ ಕುಶಲಾ ನನ್ನ ಬೋಳುತಲೆಯನ್ನೊಮ್ಮೆ ನೋಡಿ, "ಅದು ಕಾಣ್ತದೆ" ಎಂದಳು.

ಘೋಷಣೆಗೆ ಕಾರಣ ಬಜಗೋಳಿಯ ನನ್ನ ಮಾವ, ನಿವೃತ್ತ ಸಬ್ ಇನ್‌ಸ್ಪೆಕ್ಟರ್ ಉಮಾನಾಥರು. ಕಾರ್ಕಳದಲ್ಲಿ ಅವರಿಗೆ ಸನ್ಮಾನ. ಸರ್ವಿಸಿನ ಕಾಲದ ಬೆಲ್ಟು, ಹೋಲ್‌ಸ್ಟರು ಕಟ್ಟಿಕೊಂಡೇ ವೇದಿಕೆ ಏರುವೆನೆಂದು ಅವರ ಹಟ. ರಿವಾಲ್ವರ್ ಎಂದೋ ಇಲಾಖೆಗೆ ಮರಳಿತ್ತು. ಅದನ್ನಿಡುತ್ತಿದ್ದ ಆ ಚರ್ಮದ ಚೀಲ ಮಾತ್ರ ಬೂಷ್ಟು ಹಿಡಿದು ಕೂತಿತ್ತು. ಅದಕ್ಕೆ ಮರುಜನ್ಮ ಕೊಡುವ ಹೊಣೆಯನ್ನು ನಾನೇ ಕೇಳಿ ಪಡೆದೆ. ಮದುವೆಯಾದಂದಿನಿಂದ ಮಾವನ ಬಾಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದಿಲ್ಲ, ಸ್ವಾಮಿ! ಊಟಕ್ಕೆ ಕೂತರೂ ನನ್ನನ್ನು ನೋಡುವುದು ಲಾಕಪ್ಪಿನಲ್ಲಿ ಇರಬೇಕಾದವನು ಎಂಬಂತೆ.

"ಉಡುಪಿಯಲ್ಲಿ ಚರ್ಮದ ಕೆಲಸದವರಿದ್ದಾರೆ, ಕೊಡಿ ಮಾರಾಯ್ರೆ" ಎಂದಳು ಕುಶಲಾ.

"ಕೊಟ್ಟರೆ ಹೊಗಳಿಕೆಯೂ ಅವರಿಗೇ ಹೋಗ್ತದೆ!"

ನಾವಿರುವುದು ಕಾಪುವಿನಲ್ಲಿ. ಪಕ್ಕದ ಮನೆಯ ಡೆರಿಕ್ ತನ್ನ ಮರದ ದೋಣಿಗೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಾನೆ. ಮಳೆ, ಉಪ್ಪುನೀರು ಯಾವುದಕ್ಕೂ ಆ ದೋಣಿ ಜಗ್ಗಿಲ್ಲ. ದೋಣಿಯನ್ನೇ ಕಾಯುವ ಎಣ್ಣೆಗೆ ಒಂದು ಹೋಲ್‌ಸ್ಟರ್ ಯಾವ ಲೆಕ್ಕ? ಬಾಟಲಿ ಹಿಡಿದು ಹೋದೆ. "ದೋಣಿ ಯಾವಾಗ ತಗೊಂಡ್ರಿ?" ಎಂದು ಡೆರಿಕ್ ಕೇಳಿದ. ನಾನು ಗಂಭೀರವಾಗಿ ನಕ್ಕು ಬಂದೆ.

ಹಚ್ಚಿದೆ, ತಿಕ್ಕಿದೆ, ಮತ್ತೆ ಹಚ್ಚಿದೆ. ಆಹಾ, ಏನು ಹೊಳಪು! ಕಾಂಪೌಂಡಿನ ಮೇಲೆ ಊರಿನ ಬೆಕ್ಕುಗಳೆಲ್ಲ ಸಾಲಾಗಿ ಕೂತು ನೋಡಿದವು. ಕಲೆಗೆ ಅಭಿಮಾನಿಗಳು ಹೀಗೆಯೇ ಸೇರುವುದು ಎಂದುಕೊಂಡೆ.

"ಇದೆಂತ ನಾತ!" ಕುಶಲಾ ಸೆರಗಿನಿಂದ ಮೂಗು ಮುಚ್ಚಿದಳು.

"ನಿನ್ನ ಅಪ್ಪ ನಶ್ಯ ಏರಿಸಿ ಏರಿಸಿ, ಅವರ ಮೂಗು ಅವರಿಗಿಂತ ಮೊದಲೇ ರಿಟೈರ್ ಆಗಿದೆ."

"ಉಳಿದವರಿಗೆ ಮೂಗು ಇಲ್ವಾ?"

ಹೋಲ್‌ಸ್ಟರಿಗೆ ಧಾರಾಳವಾಗಿ ಪೌಡರ್ ಬಳಿದು ಆ ಆಕ್ಷೇಪವನ್ನು ವಜಾ ಮಾಡಿದೆ.

ಸನ್ಮಾನದ ದಿನ ಮಾವ ಅದನ್ನು ಸೊಂಟಕ್ಕೆ ಬಿಗಿದು, ಕನ್ನಡಿಯೆದುರು ನಿಂತು, "ಹ್ಞೂಂ" ಎಂದರು. ಅಷ್ಟೇ! ನನಗೆ ಸಾಲಲಿಲ್ಲ. ಸಭಾಂಗಣಕ್ಕೆ ಬಂದವನೇ ನಿರೂಪಕ ಶ್ರವಣ್‌ರನ್ನು ಮೂಲೆಗೆ ಕರೆದು, "ಈ ಹೋಲ್‌ಸ್ಟರಿಗೆ ಎಣ್ಣೆ ಹಚ್ಚಿದ್ದು ಅಳಿಯ ಅಂತ ಮೈಕಿನಲ್ಲಿ ಹೇಳಿಬಿಡಿ. ಹೆಸರು, ಊರು ಸಹಿತ" ಎಂದೆ.

ಮಾವನಿಗೆ ಶಾಲು ಹೊದೆಸಿದರು. ಪೇಟ ಇಟ್ಟರು. ಅಷ್ಟರಲ್ಲಿ ಹಿಂಬದಿಯ ಅಡುಗೆಮನೆ ಕಡೆಯಿಂದ ಒಂದು ಗಂಡುಬೆಕ್ಕು ವೇದಿಕೆಗೆ ಬಂತು. ಮೂಸಿತು. ಹಾರಿತು! ಹೋಲ್‌ಸ್ಟರಿಗೆ ಹಲ್ಲು, ಉಗುರು ಎಲ್ಲ ಊರಿ ನೇತಾಡಿತು. ಅದರ ಬೆನ್ನಿಗೇ ಇನ್ನೊಂದು. ಜಿಲ್ಲೆಯ ಕಳ್ಳರನ್ನು ನಡುಗಿಸಿದ ನನ್ನ ಮಾವ ಕುರ್ಚಿ ಹತ್ತಿ ನಿಂತು, "ಇದೆಂತದು? ಯಾರ ಕೆಲಸ ಇದು?" ಎಂದು ಗರ್ಜಿಸಿದರು.

ಮಾವನಿಗೆ ಬೆನ್ನು ಹಾಕಿ ಸಭೆಯತ್ತ ನಿಂತಿದ್ದ ಶ್ರವಣ್‌ರಿಗೆ ಇದೇ ಸೂಚನೆ ಎನಿಸಿರಬೇಕು. ಕಂಠವೆತ್ತಿ ಸಾರಿದರು: "ಹೋಲ್‌ಸ್ಟರಿಗೆ ಸ್ವತಃ ಎಣ್ಣೆ ಹಚ್ಚಿ ಈ ಸ್ಥಿತಿಗೆ ತಂದವರು ಕಾಪುವಿನ ಅಳಿಯ ಕರುಣಾಕರರು! ಜೋರಾದ ಚಪ್ಪಾಳೆ!"

ನಾನು ಕುರ್ಚಿಯಡಿ ನುಸುಳಲು ನೋಡಿದೆ. ಕುಶಲಾ ಅಂಗಿ ಹಿಡಿದು ಎಳೆದು ಕೂರಿಸಿದಳು. ಮಾವ ಬೆಕ್ಕುಗಳನ್ನು ಕಿತ್ತು ಬಿಸುಟು ಮೈಕು ಹಿಡಿದರು. ಇಷ್ಟು ವರ್ಷ ಕಾದಿದ್ದ ಒಳ್ಳೆಯ ಮಾತು ಕೊನೆಗೂ ಬಂತು:

"ಸರ್ವಿಸಿನಲ್ಲಿ ಎಷ್ಟೋ ಆರೋಪಿಗಳನ್ನು ಕಂಡಿದ್ದೇನೆ. ಒಬ್ಬನೂ ಏಟು ತಿನ್ನದೆ ಬಾಯಿ ಬಿಟ್ಟದ್ದಿಲ್ಲ. ನಮ್ಮ ಅಳಿಯಂದಿರು ಮಾತ್ರ ಬಹಳ ಒಳ್ಳೆಯವರು. ಕೇಳಿದ ಕೂಡಲೇ ಹೆಸರು, ಊರು ಸಹಿತ ಮೈಕಿನಲ್ಲೇ ಒಪ್ಪಿಕೊಂಡರು!"