ಕಡ್ಡಿ ಅಕ್ಕಾರು ಬಂದ್ರು

ಮಂದಿಯ ಮೂಗಿಗೆ ಕಡ್ಡಿ ಹಾಕುವುದೇ ಉದ್ಯೋಗವಾದರೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನಾನು ಗೋವಾದ ವಾಸ್ಕೋದ ಆರೋಗ್ಯ ಕೇಂದ್ರವೊಂದರಲ್ಲಿ ನರ್ಸು. ಮೊದಲು ಫ್ಲೂ, ಕೊರೊನಾ ಎರಡನ್ನೇ ಹುಡುಕುತ್ತಿದ್ದೆವು. ಈಗ ಕೆಮ್ಮು ತರುವ ಇನ್ನೂ ಹಲವು ವೈರಸ್‌ಗಳನ್ನು ದೇಶದ ತುಂಬ ಹುಡುಕುತ್ತಾರೆ. ಅದಕ್ಕೆ ಕೆಮ್ಮುವವರ ಮೂಗಿನ ಸ್ಯಾಂಪಲ್ ಬೇಕು. ನನ್ನ ಪಾಲಿಗೆ ಬಂದದ್ದು ಬಂದರಿನ ಹಿಂದಿನ ಸಾಲುಮನೆಗಳ ಚಾಳು. ಅಲ್ಲಿರುವವರೆಲ್ಲ ವಿಜಯಪುರದ ಕಡೆಯ ಕೂಲಿಕಾರರು. ನಾನು ಧಾರವಾಡದವಳು, ನಮ್ಮ ಮಂದಿಯೇ ಅಲ್ಲವೇ ಎಂದು ಧೈರ್ಯವಾಗಿ ಹೋದೆ.

ಕೆಮ್ಮೇ ಇಲ್ಲದ ಚಾಳು

ನಾನು ಕಾಲಿಟ್ಟೊಡನೆ ಇಡೀ ಚಾಳಿನ ಕೆಮ್ಮು ವಾಸಿಯಾಯಿತು! ಕಾರಣ ನನಗೆ ಗೊತ್ತಿತ್ತು. ಕೊರೊನಾ ಕಾಲದಲ್ಲಿ ಓಣಿಗೆ ಹಗ್ಗ ಕಟ್ಟಿ ಯಾರನ್ನೂ ಕೂಲಿಗೆ ಬಿಟ್ಟಿರಲಿಲ್ಲ; ಕೆಮ್ಮಿದರೆ ಮತ್ತೆ ಹಾಗೇ ಆದೀತೆಂಬ ಭಯ. ಗೋಡೆ ಕಟ್ಟುವ ಗೌಂಡಿಯೊಬ್ಬರು ಬಾಗಿಲಲ್ಲಿ ಕೆಮ್ಮು ನುಂಗಿಕೊಂಡು ನಿಂತಿದ್ದರು. ಮುಖ ಕೆಂಪು, ಕಣ್ಣಲ್ಲಿ ನೀರು.

"ಕೆಮ್ಮು ಐತೇನ್ರೀ?"

"ಇಲ್ರೀ ಅಕ್ಕಾರ. ಒಳಗ ಮೆಣಸಿನಕಾಯಿ ಹುರಿಯಾಕತ್ತಾರ, ಅದರ ಘಾಟು."

ಒಳಗೆ ಇಣುಕಿದೆ. ಒಲೆಯ ಮೇಲೆ ಬೆಕ್ಕು ಮಲಗಿತ್ತು.

ಒಂದೇ ಕಡ್ಡಿ

ಬಂದರಿನ ಹಮಾಲರೊಬ್ಬರು ತಾವಾಗಿಯೇ ಕೇಂದ್ರಕ್ಕೆ ಬಂದರು. ಪುಣ್ಯಾತ್ಮ! ಈ ಒಂದೇ ಕಡ್ಡಿಯಿಂದ ಹಲವು ವೈರಸ್‌ಗಳನ್ನು ನೋಡುತ್ತೇವೆಂದು ಹೇಳಿದೆ. ಅವರು ಕಡ್ಡಿಯನ್ನೇ ದಿಟ್ಟಿಸಿದರು.

"ಹಂಗಾದ್ರ ಸಕ್ಕರಿ ಕಾಯಿಲಿನೂ ನೋಡ್ರಿ. ಮೊಣಕಾಲ ನೋವೂ ಐತಿ."

"ಅದು ಇದರಾಗ ಬರೂದಿಲ್ರೀ."

"ಹೋಗ್ಲಿ, ನಮ್ಮಾಕಿ ನಾಕ್ ದಿನದಿಂದ ಮಾತಾಡವಲ್ಲಳು. ಅದಾದ್ರೂ ಯಾಕಂತ ಗೊತ್ತಾಗತೈತೇನ್ರೀ?"

ಆಯಿಯ ಕರಾರು

ಚಾಳಿನ ಹಿರಿಯ ಆಯಿ ಮೊಮ್ಮಗುವನ್ನು ಎತ್ತಿಕೊಂಡು ಓಡಿಬಂದರು. ಕೂಸು ಉಸಿರಿಗೆ ಒದ್ದಾಡುತ್ತಿತ್ತು. ಡಾಕ್ಟರು ತಕ್ಷಣ ಆಕ್ಸಿಜನ್ ಹಚ್ಚಿದರು. ನಾನು ಕಡ್ಡಿ ತೆಗೆದರೆ ಆಯಿ ಅಡ್ಡ ನಿಂತರು.

"ಮೊದಲ ನನಗ ಹಾಕವಾ. ನಾ ಉಳಿದ್ರ ಕೂಸಿಗೆ."

ಹಾಕಿದೆ. ಕೇಂದ್ರವೇ ನಡುಗುವಂತೆ ಸೀನಿ, ತಮ್ಮ ಮೈಯನ್ನೆಲ್ಲ ಮುಟ್ಟಿ ನೋಡಿಕೊಂಡರು. "ಉಳದೇನಿ. ಈಗ ಕೂಸಿಗೆ ಹಾಕು."

ಕೂಸಿನ ಸ್ಯಾಂಪಲ್‌ನಲ್ಲಿ ಸಿಕ್ಕಿದ್ದು ಫ್ಲೂ ಅಲ್ಲ, ಕೊರೊನಾ ಅಲ್ಲ; ಹಸುಗೂಸುಗಳ ಎದೆ ಕಟ್ಟಿಸುವ ಬೇರೊಂದು ವೈರಸ್. ಮೊದಲಿನಂತೆ ಎರಡನ್ನೇ ಹುಡುಕಿದ್ದರೆ ಅದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ದೊಡ್ಡಾಸ್ಪತ್ರೆಗೆ ಕಳಿಸಿದ್ದ ಕೂಸು ಗುಣವಾಗಿ ನಗುತ್ತ ಮನೆಗೆ ಬಂತು, ದೇವರು ದೊಡ್ಡವನು. ಆದರೆ ಚಾಳಿನಲ್ಲಿ ಇನ್ನೂ ಹಸುಗೂಸುಗಳಿದ್ದವು. ದೊಡ್ಡವರು ಕೆಮ್ಮು ಮುಚ್ಚಿಟ್ಟುಕೊಂಡರೆ ಆ ಕೂಸುಗಳ ಗತಿಯೇನು ಎಂಬ ಚಿಂತೆ ನನ್ನನ್ನು ಬಿಡಲಿಲ್ಲ.

ದೃಷ್ಟಿ

ಮತ್ತೆ ಚಾಳಿಗೆ ಹೋದೆ. ಆಯಿ ನನ್ನನ್ನು ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿದರು. "ಕೂಸಿನ ಜೀವಾ ಉಳಿಸಿದಾಕಿ ನೀ. ನಿನಗ ಯಾರ ಕಣ್ಣೂ ತಾಕಬಾರದವಾ" ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿದರು. ನನ್ನ ಕಣ್ಣು ತುಂಬಿತು. ಕೈಯಲ್ಲಿದ್ದುದನ್ನೆಲ್ಲ ಅವರು ಕೆಂಡದ ಮೇಲೆ ಸುರಿದರು. ಆಮೇಲೆ ಎಲ್ಲರ ಕಣ್ಣೂ ತುಂಬಿತು.

ಘಾಟು ಚಾಳಿಗೆಲ್ಲ ಹಬ್ಬಿತು. ಒಂದೊಂದೇ ಬಾಗಿಲು ತೆರೆದು ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿಬಂದರು. ನಾನೂ ಕೆಮ್ಮಿದೆ, ಆಯಿಯೂ ಕೆಮ್ಮಿದರು.

ಆ ಗದ್ದಲದಲ್ಲಿ ಮೊದಲ ದಿನದ ಗೌಂಡಿ ಜನರನ್ನು ಸರಿಸಿಕೊಂಡು ಮುಂದೆ ಬಂದರು. ನನ್ನೆದುರು ಕೂತು, ಮೂಗು ಮೇಲೆತ್ತಿದರು.

"ಇವರ ಕೆಮ್ಮು ನಂಬಬ್ಯಾಡ್ರಿ ಅಕ್ಕಾರ. ಇವರದೆಲ್ಲಾ ಮೆಣಸಿನಕಾಯಿ ಘಾಟು. ಖರೇ ಕೆಮ್ಮು ನಂದೊಂದೇ ಐತಿ, ಮೊದಲ ನಂದು ತಗೋರಿ!"