ಲೋಪಸಂಧಿಯ ಇಸ್ತ್ರಿಪೆಟ್ಟಿಗೆ

ವಿಜ್ಞಾನದ ಅಂಜನಾ ಮೇಡಂ ಅವತ್ತು ರಜೆ ಹಾಕಿದರು. ಮೂಕಪ್ಪ ಮಾಸ್ತರರ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಸಿರುಗುಪ್ಪದಿಂದಾಚೆಯ ಆ ಹಳ್ಳಿಯ ಹೈಸ್ಕೂಲಿನಲ್ಲಿ ಮೂಕಪ್ಪ ಕನ್ನಡದ ಮಾಸ್ತರು. ಹೆಂಡತಿ, ಮಗಳು ಇರುವುದು ಕುರುಗೋಡಿನಲ್ಲಿ. ವಾರಕ್ಕೊಮ್ಮೆ ಮುಖ ತೋರಿಸುವ ಅಪ್ಪನನ್ನು ಮೂರು ವರ್ಷದ ಮಗಳು ‘ಐತವಾರದ ಮಾಮ’ ಎಂದು ಕರೆಯತೊಡಗಿದ ಮೇಲೆ, ಎದೆ ಚುರುಕ್ಕೆಂದು, ಕುರುಗೋಡಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಬಳ್ಳಾರಿಗೆ ಹೋಗಬೇಕೆಂದು ಅಂಜನಾ ಮೇಡಮ್ಮೂ ಹಾಕಿದ್ದರು. ಈ ವರ್ಷ ಶಾಲೆಯಿಂದ ಒಬ್ಬರನ್ನಷ್ಟೇ ಬಿಡುವುದಿತ್ತು. ಮೇಡಮ್ಮನ್ನು ಬಿಟ್ಟರೆ ವಿಜ್ಞಾನ ಹೇಳುವವರಿಲ್ಲ. ಹಾಗಾಗಿ ಮೂಕಪ್ಪ ಮನಸ್ಸಿನಲ್ಲೇ ಟ್ರಂಕು ಕಟ್ಟಿಯಾಗಿತ್ತು.

“ಮೂಕಪ್ಪೋರೆ, ಮಧ್ಯಾಹ್ನ ಶಿಕ್ಷಣ ಇಲಾಖೆ ಸಾಹೇಬ್ರು ತಪಾಸಣಿಗೆ ಬರಾಕತ್ಯಾರ,” ಎಂದರು ಹೆಡ್‌ಮಾಸ್ತರು ಮರಿಬಸಪ್ಪ. “ಹತ್ತನೇ ಕ್ಲಾಸಿಗೆ ಆಗ ವಿಜ್ಞಾನ ಐತಿ. ನೀವು ನಿಂದರ್ರಿ.”

“ನಾನಾ? ಸರ್, ನಮ್ಮನಿ ಬಲ್ಬ್ ಹೋದ್ರ ಬಾಜೂ ಮನ್ಯಾರನ್ನ ಕರಿತೀನ್ರಿ!”

“ಒಂದು ಲೆಕ್ಕ ಮಾಡಿಸ್ರಿ ಸಾಕು. ಪಾಠ ಚೊಲೋ ಆದ್ರ ನಿಮ್ಮ ಅರ್ಜಿ ಸಾಹೇಬ್ರ ಮುಂದ ನಾನೇ ಇಡ್ತೀನಿ.”

ಮೂಕಪ್ಪ ಪುಸ್ತಕ ತೆರೆದರು. ಇಸ್ತ್ರಿಪೆಟ್ಟಿಗೆಯೊಂದಕ್ಕೆ 220 ವೋಲ್ಟ್, ಕರೆಂಟ್ 5 ಆಂಪಿಯರ್. ರೋಧ ಎಷ್ಟು, ಪವರ್ ಎಷ್ಟು? ಉತ್ತರದ ಮುಂದೆ ಕುದುರೆ ಲಾಳದಂಥ ಒಂದು ಗುರುತು ಬೇರೆ.

“ಕರೆಂಟ್ ಐದು ಅಂದ್ರ ಏನ್ರಿ?” ಎಂದು ಪಕ್ಕದಲ್ಲಿದ್ದ ಪಿ.ಟಿ. ಮಾಸ್ತರು ಭೀಮರಾಜನನ್ನು ಕೇಳಿದರು. “ಕರೆಂಟ್ ಅಂದ್ರ ಇರ್ತೈತಿ, ಇಲ್ಲಾ ಹೋಗಿರ್ತೈತಿ. ಐದು ಹೆಂಗಾಗ್ತೈತಿ?”

ಕೇಳಿದ್ದೇ ತಡ, ಭೀಮರಾಜ ಸೀಟಿ ಕೆಳಗಿಟ್ಟ. “ಕಾಲುವಿ ನೆನಸ್ಕೊಳ್ರಿ ಸರ್. ತೂಬಿನ ಹಿಂದ ನೀರಿನ ಒತ್ತು ವೋಲ್ಟೇಜು. ಹರಿಯೋ ನೀರು ಕರೆಂಟು. ನಡುವ ಬೆಳದ ಜೊಂಡು ರೋಧ.”

“ಇದ್ರಾಗ ಇಸ್ತ್ರಿಪೆಟ್ಟಿಗಿ ಎಲ್ಲೈತಿ?”

“ಅದು ಗದ್ದ್ಯಾಗ ಐತ್ರಿ!”

ಮೂಕಪ್ಪನ ತಲೆ ಕಾಲುವೆಗೆ ಬಿದ್ದ ಎಮ್ಮೆಯಂತೆ ದಂಡೆ ಕಾಣದೆ ಒದ್ದಾಡಿತು. ಕೊನೆಗೆ ತಮ್ಮ ವ್ಯಾಕರಣವೇ ಕೈಹಿಡಿಯಿತು. ರೋಧ ಬೇಕಾದರೆ ವೋಲ್ಟನ್ನು ಕರೆಂಟಿನಿಂದ ಭಾಗಿಸಬೇಕು; ಭಾಗಿಸಿದರೆ ಕಡಿಮೆಯಾಗುತ್ತದೆ, ಅಂದರೆ ಲೋಪಸಂಧಿ. ಪವರ್ ಬೇಕಾದರೆ ಗುಣಿಸಬೇಕು. ಗುಣಿಸಿದರೆ ಹೆಚ್ಚು ಬರುತ್ತದೆ, ಅಂದರೆ ಆಗಮಸಂಧಿ. ರೋಧಕ್ಕೆ ಲೋಪ, ಪವರಿಗೆ ಆಗಮ! ಊಟದ ಹೊತ್ತಿನಲ್ಲೂ ರೊಟ್ಟಿ ಮುರಿಯುತ್ತ ಅದನ್ನೇ ಜಪಿಸಿದರು.

ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಸಾಹೇಬರು ಬಂದು ಕುಳಿತರು. ಅವರ ದಪ್ಪ ಮೀಸೆ ಕಂಡದ್ದೇ ಮೂಕಪ್ಪನ ಬಾಯಿಪಾಠ ಆವಿಯಾಯಿತು. ರೋಧಕ್ಕೆ ಲೋಪವೋ, ಆಗಮವೋ? ಯೋಚಿಸಿದರು. ರೋಧ ಅಂದರೆ ಅಡ್ಡಿ. ಅಡ್ಡಿ ಯಾವತ್ತೂ ಬರುವಂಥದ್ದೇ, ಆದ್ದರಿಂದ ಆಗಮ. ಪವರ್ ದಿನಕ್ಕೆ ನಾಲ್ಕು ಸಲ ಹೋಗುವಂಥದ್ದು, ಆದ್ದರಿಂದ ಲೋಪ. ಇಷ್ಟು ಖಚಿತವಾದದ್ದು ಮರೆತದ್ದಾದರೂ ಹೇಗೆ ಎಂದು ತಮ್ಮನ್ನೇ ಬೈದುಕೊಂಡು, “ಭಾಗಿಸಿದ್ರ ಲೋಪಸಂಧಿ, ಗುಣಿಸಿದ್ರ ಆಗಮಸಂಧಿ. ರೋಧಕ್ಕ ಆಗಮ, ಪವರಿಗೆ ಲೋಪ!” ಎಂದು ಕ್ಲಾಸಿಗೆ ಸಾರಿ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ರೋಧ 1100 ಓಮ್, ಪವರ್ 44 ವ್ಯಾಟ್.

ಮುಂದಿನ ಸಾಲಿನ ನಂದಿನಿ ಎದ್ದು ನಿಂತಳು. “ಸರ್, ನಮ್ಮನಿ ಹಳೇ ಬಲ್ಬೇ ಅರವತ್ತು ವ್ಯಾಟಿಂದು. ನಲವತ್ನಾಕು ಅಂದ್ರ ಅಂಗಿ ಬೆಚ್ಚಗೂ ಆಗಂಗಿಲ್ರಿ.”

ಕ್ಲಾಸು ಗೊಳ್ಳೆಂದಿತು. ಬಾಗಿಲಲ್ಲಿ ನಿಂತ ಹೆಡ್‌ಮಾಸ್ತರು ಕಣ್ಣು ಮುಚ್ಚಿಕೊಂಡರು. ಮೂಕಪ್ಪನ ಬೆನ್ನಮೇಲೆ ಬೆವರು ಹರಿಯಿತು, ನಡುವೆ ಜೊಂಡೂ ಇರಲಿಲ್ಲ. ಆದರೆ ಹದಿನಾಲ್ಕು ವರ್ಷದ ಮಾಸ್ತರಿಕೆ ಸುಮ್ಮನೆ ಅಲ್ಲ.

“ಶಾಭಾಸ್! ಯಾರು ಎಚ್ಚರದಾಗ ಅದೀರಿ ಅಂತ ನೋಡಾಕ ತಪ್ಪು ಬರದಿದ್ದೆ,” ಎಂದು ಡಸ್ಟರ್ ಎತ್ತಿದರು. “ಹಂಗಾದ್ರ ಸಂಧಿ ತಿರುವಿ ಹಾಕೂಣು. ರೋಧಕ್ಕ?”

ಎಲ್ಲರೂ “ಲೋಪ!”

“ಇನ್ನೂರಿಪ್ಪತ್ತನ್ನ ಐದರಿಂದ ಭಾಗಿಸಿದ್ರ ನಲವತ್ನಾಕು ಓಮ್. ಪವರಿಗೆ?”

“ಆಗಮ!”

“ಐದರಿಂದ ಗುಣಿಸಿದ್ರ ಸಾವಿರದ ನೂರು ವ್ಯಾಟ್. ಈಗ ಅಂಗಿ ಸುಡ್ತೈತೇನಬೇ, ನಂದಿನಿ?”

“ಹಿಂದ ಮುಂದ ನೋಡ್ಲಿಲ್ಲಂದ್ರ ತೂತಾ ಬೀಳ್ತೈತ್ರಿ!”

ಸಾಹೇಬರು ಎದ್ದು ಚಪ್ಪಾಳೆ ತಟ್ಟಿದರು. “ವ್ಯಾಕರಣದಿಂದ ವಿಜ್ಞಾನ! ಇಪ್ಪತ್ತು ವರ್ಷದಾಗ ಇಂಥ ಪಾಠ ಕಂಡಿಲ್ರಿ. ಇವ್ರು ವಿಜ್ಞಾನದೋರಾ?”

“ಅಲ್ರಿ, ಕನ್ನಡದೋರು,” ಎಂದು ಹೆಡ್‌ಮಾಸ್ತರು ಬೀಗಿದರು. ಮಾತಿಗೆ ತಪ್ಪದೆ ಎರಡೂ ಅರ್ಜಿಗಳನ್ನು ಮುಂದಿಟ್ಟರು. ಮೂಕಪ್ಪನ ಕಿವಿಯಲ್ಲಿ ಆಗಲೇ ಕುರುಗೋಡಿನ ಬಸ್ಸಿನ ಹಾರ್ನು.

ಸಾಹೇಬರು ಎರಡನ್ನೂ ಓದಿದರು. ಪೆನ್ನಿನ ಮುಚ್ಚಳ ತೆಗೆದು ಅಂಜನಾ ಮೇಡಂ ಅವರ ಅರ್ಜಿಯ ಮೇಲೆ ಸಹಿ ಹಾಕಿದರು.

“ಸರ್, ಅದು ನಂದಲ್ರಿ!” ಎಂದರು ಮೂಕಪ್ಪ.

“ಗೊತ್ತೈತ್ರಿ. ವಿಜ್ಞಾನ ಹೇಳೋರಿಲ್ಲ ಅಂತ ಆ ಮೇಡಮ್ಮನ್ನ ಮೂರು ವರ್ಷ ಕಟ್ಟಿಹಾಕಿದ್ವಿ. ನೀವಿದ್ದಾಗ ಇನ್ಯಾಕ? ಕನ್ನಡ, ವಿಜ್ಞಾನ ಎರಡೂ ನೀವೇ ನೋಡ್ಕೊಳ್ರಿ.”

“ನನಗ ಬರೋದು ಅದೊಂದೇ ಲೆಕ್ಕ, ಸಾಹೇಬ್ರೆ!”

“ವಿನಯ ನೋಡ್ರಿ, ವಿನಯ!” ಎಂದು ಸಾಹೇಬರು ಅವರ ಬೆನ್ನು ತಟ್ಟಿ ಜೀಪು ಹತ್ತಿದರು.

ಮೂಕಪ್ಪ ಸ್ಟಾಫ್ ರೂಮಿಗೆ ಬಂದು ಕುರ್ಚಿಯಲ್ಲಿ ಕುಸಿದರು. ಗಣಿತದ ಮೀನಾಕ್ಷಿ ಮೇಡಂ ಮೆಲ್ಲಗೆ ಬಂದು, ಎಂದೂ ಕೊಡದವರು ಒಂದು ಕಪ್ ಚಹಾ ಮುಂದಿಟ್ಟರು.

“ಮುಂದಿನ ವರ್ಷ ನಾನೂ ವರ್ಗಕ್ಕ ಅರ್ಜಿ ಹಾಕೂಣು ಅಂತಿದ್ದೀನಿ ಸರ್,” ಎಂದರು. “ನಿಮಗ ತ್ರಿಕೋನಮಿತಿ ಏನಾರ ಬರ್ತೈತೇನ್ರಿ?”